ಹಡಗಿನ ಊಟದ ಸಾಲಿನಿಂದ ಅಪ್ಪಯ್ಯನಿಗೆ

ಕೊಜುಮೆಲ್‌ನಿಂದ ಫೋರ್ಟ್ ಲಾಡರ್‌ಡೇಲ್‌ಗೆ ಮರಳುವ ದಾರಿಯಲ್ಲಿ
9-2-2025

ತೀರ್ಥರೂಪರಾದ ಅಪ್ಪಯ್ಯನವರ ಹಾಗೂ ಅಮ್ಮನವರ ಪಾದಗಳಿಗೆ ನಿಮ್ಮ ಮಗನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಸಮಾಚಾರವನ್ನು ತಿಳಿಸುತ್ತಿರಬೇಕಾಗಿ ಕೋರುತ್ತೇನೆ.

ಅಕ್ಕ ಮತ್ತು ಭಾವ ಬರುವ ಡಿಸೆಂಬರಿನಲ್ಲಿ ನಿಮ್ಮಿಬ್ಬರನ್ನೂ ನ್ಯೂಜೆರ್ಸಿಗೆ ಕರೆಸಿಕೊಂಡು, ಅಲ್ಲಿಂದ ನಾನು ಕೆಲಸ ಮಾಡುವ ಹಡಗಿನಲ್ಲಿಯೇ ಏಳು ರಾತ್ರಿಗಳ ಪ್ರಯಾಣಕ್ಕೆ ಕೋಣೆ ಕಾದಿರಿಸಿದ್ದಾರೆಂದು ಕೇಳಿದಾಗ ನನಗಾದ ಸಂತೋಷವನ್ನು ಫೋನಿನಲ್ಲಿ ಸರಿಯಾಗಿ ಹೇಳಲಾಗಲಿಲ್ಲ. ಅಂದು ನೀವು ಎರಡು ಪ್ರಶ್ನೆ ಕೇಳಿದಿರಿ. ಊಟದ ಹೊತ್ತಿಗೆ ಪಂಚೆ ಉಟ್ಟುಕೊಂಡು ಬರಬಹುದೇ ಎಂಬುದು ಮೊದಲನೆಯದು. ಮೂವತ್ತು ವರ್ಷ ಊರಿನ ಸಮಾರಾಧನೆಗಳಲ್ಲಿ ಎಲೆಯ ಮುಂದೆ ಕುಳಿತವರಿಗೆ ಬಡಿಸಿದ ಮನುಷ್ಯ ಈ ವಯಸ್ಸಿನಲ್ಲಿ ಕೈಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಹೇಗೆ ಎಂಬುದು ಎರಡನೆಯದು. ಉತ್ತರ ಹೇಳುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಬಫೆಯಲ್ಲಿಯೇ ಆರು ವರ್ಷ ಕಳೆದಿರುವ ನನಗೆ ಈ ವಿಷಯ ಎರಡು ಮಾತಿನಲ್ಲಿ ಮುಗಿಯುವಂಥದ್ದೂ ಅಲ್ಲವಾದ್ದರಿಂದ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೊದಲು ಉಡುಪಿನ ಮಾತು. ಉಡುಪಿಯ ಮಠದಲ್ಲಿ ಊಟಕ್ಕೆ ಕೂರುವಾಗ ನೀವು ಅಂಗಿ ತೆಗೆದು ಶಾಲು ಹೊದೆಯುತ್ತೀರಿ, ಚಪ್ಪಲಿಯನ್ನು ಹೊರಗೆ ಬಿಡುತ್ತೀರಿ. ಇಲ್ಲಿ ಅಂಗಿಯಿಲ್ಲದವರನ್ನೂ ಬರಿಗಾಲಿನವರನ್ನೂ ಬಾಗಿಲಿನಲ್ಲಿಯೇ ನಿಲ್ಲಿಸುತ್ತೇವೆ. ಬಫೆ ಇರುವುದು ಮೇಲಿನ ಅಂತಸ್ತಿನಲ್ಲಿ, ಈಜುಕೊಳದ ಪಕ್ಕದಲ್ಲಿ. ಕೊಳದಿಂದ ಎದ್ದ ಜನ ಹಸಿವಾದೊಡನೆ ಒದ್ದೆ ಈಜುಡುಪಿನಲ್ಲಿಯೇ ಒಳಗೆ ಬರುತ್ತಾರೆ. ಅವರು ಕುಳಿತೆದ್ದ ಕುರ್ಚಿ ಒದ್ದೆಯಾಗುತ್ತದೆ, ನಡೆದ ನೆಲ ಜಾರುತ್ತದೆ, ಕೈಯಲ್ಲಿ ಬಿಸಿ ಸೂಪು ಹಿಡಿದು ಹಿಂದೆ ಬರುವ ಮುದುಕರು ಅದೇ ನೆಲದ ಮೇಲೆ ಕಾಲಿಡುತ್ತಾರೆ. ಒಡೆದ ಗಾಜಿನ ಚೂರು ಎಷ್ಟು ಗುಡಿಸಿದರೂ ಒಂದೆರಡು ಉಳಿದುಬಿಡುತ್ತದೆ. ಆದ್ದರಿಂದ ಮೈಮೇಲೆ ಒಣಗಿದ ಅಂಗಿ, ಕಾಲಿನಲ್ಲಿ ಜಾರದ ಪಾದರಕ್ಷೆ ಇಷ್ಟನ್ನು ಬಹುತೇಕ ಎಲ್ಲ ಕಂಪನಿಗಳೂ ಕೇಳುತ್ತವೆ. ಸಂಜೆಯ ವೇಳೆ ಕೆಳಗಿನ ದೊಡ್ಡ ಊಟದ ಸಭಾಂಗಣದಲ್ಲಿ ಏಳು ರಾತ್ರಿಗಳಲ್ಲಿ ಎರಡು ದಿನ ಕೋಟು, ಗೌನು ಮುಂತಾದ ಔಪಚಾರಿಕ ಉಡುಪಿನ ಪದ್ಧತಿ ಇರುತ್ತದೆ. ಅದು ಬೇಡವೆನಿಸಿದವರಿಗೆ ಅಂದು ಕೂಡ ಬಫೆ ತೆರೆದಿರುತ್ತದೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ಕ್ವೀನ್ ಮೇರಿ 2 ಹಡಗು ಉಡುಪಿನ ಶಿಸ್ತಿಗೆ ಹೆಸರಾದದ್ದು. ಅಲ್ಲಿಯೂ ಸಂಜೆ ಅಷ್ಟಾಗಿ ಅಲಂಕರಿಸಿಕೊಳ್ಳಲು ಇಷ್ಟವಿಲ್ಲದವರು ಕಿಂಗ್ಸ್ ಕೋರ್ಟ್ ಎಂಬ ಬಫೆಗೆ ಹೋಗಬಹುದು.

ನಿಮ್ಮ ಪಂಚೆಗೆ ಯಾವ ಅಡ್ಡಿಯೂ ಇಲ್ಲ, ಅಪ್ಪಯ್ಯ. ಜರಿಯಂಚಿನ ಬಿಳಿ ಪಂಚೆಯ ಮೇಲೆ ತೋಳಿರುವ ಅಂಗಿ ಧರಿಸಿ ಬಂದರೆ ಸಭಾಂಗಣದ ಔಪಚಾರಿಕ ರಾತ್ರಿಗೂ ಅದು ಸಲ್ಲುವ ಉಡುಪೆಂದೇ ನನ್ನ ಅಭಿಪ್ರಾಯ. ಅಮ್ಮನ ರೇಷ್ಮೆ ಸೀರೆಯ ಬಗ್ಗೆಯಂತೂ ಹೇಳುವುದೇ ಬೇಡ. ಎರಡು ವಿನಂತಿ ಮಾತ್ರ. ಪಂಚೆಯನ್ನು ಮಡಚಿ ಮೊಣಕಾಲಿನ ಮೇಲಕ್ಕೆ ಕಟ್ಟಬೇಡಿ, ಮತ್ತು ಸೊಂಟಕ್ಕೆ ಬೆಲ್ಟು ಹಾಕಿಕೊಳ್ಳಿ. ಕೊಳದ ಪಕ್ಕದ ಬಾಗಿಲು ತೆರೆದಾಗ ನುಗ್ಗುವ ಗಾಳಿ ನಮ್ಮ ಮಲ್ಪೆ ಕಡಲತೀರದ ಗಾಳಿಗಿಂತ ಜೋರು, ಆ ಹೊತ್ತಿಗೆ ನಿಮ್ಮ ಎರಡೂ ಕೈಯಲ್ಲಿ ತಟ್ಟೆ ಲೋಟ ಇರುತ್ತವೆ.

ಇನ್ನು ಎರಡನೆಯ ಪ್ರಶ್ನೆ. ನನ್ನ ಮನಸ್ಸಿನಲ್ಲಿರುವ ಮುಖ್ಯ ವಿಷಯವೂ ಇದೇ. ಬಫೆ ಎಂದರೆ ಎಂಜಲು-ಮುಸುರೆಯ ಪರಿವೆ ಇಲ್ಲದ ಊಟ ಎಂದು ನೀವು ತಿಳಿದಿದ್ದೀರಿ. ನಾನೂ ಹಾಗೆಯೇ ತಿಳಿದು ಬಂದವನು. ಕೆಲಸಕ್ಕೆ ಸೇರಿದ ಮೊದಲ ವಾರದ ತರಬೇತಿಯಲ್ಲಿ ಹೇಳಿಕೊಟ್ಟ ನಿಯಮಗಳನ್ನು ಕೇಳುತ್ತಾ ಹೋದಂತೆ, ಇವೆಲ್ಲ ಅಜ್ಜಿ ಅಡುಗೆಮನೆಯ ಹೊಸ್ತಿಲಿನಲ್ಲಿ ನಿಂತು ನಮಗೆ ಹೇಳುತ್ತಿದ್ದ ಮಾತುಗಳೇ ಅಲ್ಲವೇ ಎನಿಸಿತು. ಒಮ್ಮೆ ಉಂಡ ತಟ್ಟೆಯನ್ನು ಹಿಡಿದು ಮತ್ತೆ ಬಡಿಸಿಕೊಳ್ಳಲು ಬರುವಂತಿಲ್ಲ, ಪ್ರತಿ ಸಲವೂ ಹೊಸ ತಟ್ಟೆಯನ್ನೇ ತೆಗೆದುಕೊಳ್ಳಬೇಕು. ಕುಡಿದ ಬಾಟಲಿಯ ಬಾಯಿಯನ್ನು ನೀರಿನ ನಲ್ಲಿಗೆ ತಾಗಿಸುವಂತಿಲ್ಲ. ತಿಂದ ಕೈ ಸೌಟಿಗೆ ತಗಲಕೂಡದು. ರುಚಿ ನೋಡಿದ ಚಮಚ ಪಾತ್ರೆಗೆ ಮರಳಬಾರದು. ಸಹೋದ್ಯೋಗಿಗಳಿಗೆ ಎಂಜಲು ಎಂಬ ನಮ್ಮ ಮಾತಿನ ಅರ್ಥ ಹೇಳಲು ನಾನು ಬಹಳ ಹೊತ್ತು ಶ್ರಮಪಟ್ಟಿದ್ದೇನೆ. ಈಗ ನನ್ನ ಕೈಕೆಳಗಿನ ಫಿಲಿಪೀನ್ಸ್ ಮತ್ತು ಇಂಡೋನೇಷ್ಯಾದ ಹುಡುಗರು ಬಳಸಿದ ತಟ್ಟೆ ಹಿಡಿದು ಬರುವವರನ್ನು ಕಂಡರೆ ನನ್ನತ್ತ ನೋಡಿ ಮೆಲ್ಲಗೆ ಆ ಪದವನ್ನೇ ಹೇಳುತ್ತಾರೆ.

ಅಮೆರಿಕದ ಬಂದರಿಗೆ ಬರುವ ಹಡಗುಗಳ ಶುಚಿತ್ವವನ್ನು ನೋಡಿಕೊಳ್ಳಲು ಆ ದೇಶದ ರೋಗ ನಿಯಂತ್ರಣ ಕೇಂದ್ರದಲ್ಲಿ 1970ರ ದಶಕದಿಂದಲೂ ಒಂದು ವಿಭಾಗವಿದೆ. ಅದರ ಅಧಿಕಾರಿಗಳು ಮುನ್ಸೂಚನೆ ಕೊಡದೆ ಹಡಗು ಹತ್ತಿ ಪರೀಕ್ಷೆ ಮಾಡುತ್ತಾರೆ. ಈ ಪರೀಕ್ಷೆಯನ್ನು ನಾವು ಯುಎಸ್‌ಪಿಎಚ್ ಎಂದೇ ಕರೆಯುತ್ತೇವೆ, ಆ ಹೆಸರು ಕಿವಿಗೆ ಬಿದ್ದರೆ ಇಡೀ ಗ್ಯಾಲಿ, ಅಂದರೆ ನಮ್ಮ ಅಡುಗೆಮನೆ, ನೆಟ್ಟಗೆ ನಿಲ್ಲುತ್ತದೆ. ನೂರಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಅನುತ್ತೀರ್ಣವೆಂದು ಲೆಕ್ಕ. ಅಂಕಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಬಿಸಿ ಪದಾರ್ಥ 57 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು, ತಣ್ಣನೆಯದು 5 ಡಿಗ್ರಿಯನ್ನು ದಾಟಬಾರದು. ಹೀಗೆ ಕಾಯ್ದುಕೊಳ್ಳಲಾಗದ ಪದಾರ್ಥವನ್ನು ನಾಲ್ಕು ಗಂಟೆಯೊಳಗೆ ಚೆಲ್ಲಬೇಕು. ನಮ್ಮ ಕಡೆಯ ಕೆಲಸ ಇಷ್ಟು ಬಿಗಿಯಾಗಿ ನಡೆಯುತ್ತಿರುವಾಗ, ಸಾಲಿನಲ್ಲಿ ನಿಂತ ಒಬ್ಬರ ತೊಳೆಯದ ಕೈ ಅದನ್ನೆಲ್ಲ ವ್ಯರ್ಥ ಮಾಡಬಲ್ಲದು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಗ ನಾನು ಬೇರೊಂದು ಹಡಗಿನಲ್ಲಿದ್ದೆ, ನನ್ನ ಎರಡನೆಯ ಕರಾರು. ಹೊರಟ ಮೂರನೆಯ ದಿನ ವಾಂತಿ-ಭೇದಿಯಾದವರು ಒಬ್ಬೊಬ್ಬರಾಗಿ ವೈದ್ಯರ ಬಳಿಗೆ ಬರತೊಡಗಿದರು. ನೊರೊವೈರಸ್ ಎಂಬ ಈ ರೋಗಾಣುವಿನ 18ರಷ್ಟು ಕಣಗಳು ದೇಹಕ್ಕೆ ಸೇರಿದರೂ ಸಾಕು ಎನ್ನುತ್ತಾರೆ. ತಗುಲಿದ 12ರಿಂದ 48 ಗಂಟೆಗಳಲ್ಲಿ ಮನುಷ್ಯ ಹಾಸಿಗೆ ಹಿಡಿಯುತ್ತಾನೆ. ಸೌಟಿನ ಹಿಡಿ, ಇಕ್ಕಳದ ಹಿಡಿ, ಮೆಟ್ಟಿಲಿನ ಕಟಕಟೆ, ಲಿಫ್ಟಿನ ಗುಂಡಿ ಹೀಗೆ ಎಲ್ಲರ ಕೈ ತಾಗುವ ಕಡೆಯಲ್ಲೆಲ್ಲ ಅದು ಹಲವು ದಿನ ಉಳಿಯುತ್ತದೆ. ಅಂದು ಮಧ್ಯಾಹ್ನವೇ ಪ್ರಯಾಣಿಕರು ತಾವಾಗಿ ಬಡಿಸಿಕೊಳ್ಳುವುದನ್ನು ನಿಲ್ಲಿಸಿ, ಕೈಗವಸು ತೊಟ್ಟ ನಾವೇ ಪ್ರತಿಯೊಬ್ಬರಿಗೂ ಬಡಿಸತೊಡಗಿದೆವು. ಮೇಜುಗಳ ಮೇಲಿನ ಉಪ್ಪು, ಮೆಣಸಿನಪುಡಿಯ ಡಬ್ಬಿಗಳನ್ನು ತೆಗೆದೆವು. ಕುರ್ಚಿಯ ಬೆನ್ನಿನಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ಕ್ಲೋರಿನ್ ನೀರಿನಲ್ಲಿ ಮತ್ತೆ ಮತ್ತೆ ಒರೆಸಿದೆವು. ನನ್ನ ಕೋಣೆಯ ಜೊತೆಗಾರನಿಗೂ ಬಂತು. ಆಹಾರ ಮುಟ್ಟುವ ಕೆಲಸದವನಾದ್ದರಿಂದ ರೋಗದ ಲಕ್ಷಣ ನಿಂತ ಮೇಲೂ 48 ಗಂಟೆ ಅವನನ್ನು ಬೇರೆಯಾಗಿಯೇ ಇರಿಸಿದರು.

ನನ್ನನ್ನು ಕೋಣೆಯಿಂದ ಹೊರಗೆ ಬರಲಾಗದವರಿಗೆ ಊಟದ ಟ್ರೇ ಒಯ್ಯುವ ಕೆಲಸಕ್ಕೆ ಹಾಕಿದರು. ಮದುವೆಯ ಐವತ್ತನೆಯ ವರ್ಷವನ್ನು ಆಚರಿಸಲೆಂದು ಬಂದಿದ್ದ ದಂಪತಿ ಒಂದು ಕೋಣೆಯಲ್ಲಿದ್ದರು. ಕಿಟಕಿಯಿಲ್ಲದ ಒಳಗಿನ ಕೋಣೆ. ಆ ತಾಯಿ ನಾಲ್ಕು ದಿನ ಸಮುದ್ರವನ್ನು ನೋಡಲಿಲ್ಲ. ಬಾಗಿಲಿನ ಹೊರಗೆ ಟ್ರೇ ಇಟ್ಟು ಹಿಂದೆ ಸರಿದು ನಿಂತರೆ, ಪ್ರತಿ ಸಲವೂ ಬಾಗಿಲನ್ನು ಸ್ವಲ್ಪವೇ ತೆರೆದು, ಇಂದು ಹೊರಗೆ ಬಿಸಿಲಿದೆಯೇ ಎಂದು ನನ್ನನ್ನು ಕೇಳುತ್ತಿದ್ದರು. ಅವರ ತಪ್ಪು ಏನೂ ಇರಲಿಲ್ಲ. ಬೇರೆ ಯಾರೋ ಶೌಚಾಲಯದಿಂದ ನೇರವಾಗಿ ಬಂದು ಮುಟ್ಟಿದ ಏನನ್ನೋ ಅವರೂ ಮುಟ್ಟಿದ್ದರು, ಅಷ್ಟೇ. ಅಂದಿನಿಂದ, ಕೈ ತೊಳೆಯದೆ ಒಳಗೆ ನುಗ್ಗುವವರನ್ನು ತಡೆದು ನಿಲ್ಲಿಸಲು ನನಗೆ ಸಂಕೋಚವಾಗುವುದಿಲ್ಲ.

ಆದ್ದರಿಂದ ನೀವು ಬಂದಾಗ ಬಾಗಿಲಿನಲ್ಲಿ ನಿಂತವರು ಅಂಗೈಗೆ ಸ್ಯಾನಿಟೈಸರ್ ಹಾಕಿದರೆ ಹಾಕಿಸಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಈ ರೋಗಾಣುವಿನ ಮೇಲೆ ಅದರ ಪ್ರಭಾವ ಕಡಿಮೆ. ಸೋಪು ಹಚ್ಚಿ 20 ಸೆಕೆಂಡು ಉಜ್ಜಿ ನೀರಿನಲ್ಲಿ ತೊಳೆಯುವುದೇ ಸರಿ. ಬಡಿಸಿಕೊಂಡಾದ ಮೇಲೆ, ಊಟಕ್ಕೆ ಕೂರುವ ಮುಂಚೆ, ಇನ್ನೊಮ್ಮೆ ತೊಳೆದರೆ ಮತ್ತೂ ಒಳ್ಳೆಯದು, ಏಕೆಂದರೆ ಆಗಷ್ಟೇ ನೀವು ನೂರು ಜನ ಹಿಡಿದ ಸೌಟನ್ನು ಹಿಡಿದಿರುತ್ತೀರಿ. ಕೈಯಿಂದ ಕಲಸಿ ಉಣ್ಣಬಹುದೇ ಎಂದು ಅಮ್ಮ ಅಕ್ಕನನ್ನು ಕೇಳಿದರಂತೆ. ಧಾರಾಳವಾಗಿ ಉಣ್ಣಬಹುದು, ಯಾರೂ ಏನೂ ಅನ್ನುವುದಿಲ್ಲ. ಉಣ್ಣುವ ಮಧ್ಯೆ ಇನ್ನೇನಾದರೂ ಬೇಕಾದರೆ ಮಾತ್ರ ಎದ್ದು ಹೋಗುವ ಮೊದಲು ಕೈ ತೊಳೆಯಬೇಕು. ಎಡಗೈಯಲ್ಲಿ ಸೌಟು ಹಿಡಿದು ಬಡಿಸಿಕೊಳ್ಳುವ ನಮ್ಮ ಮನೆಯ ರೂಢಿ ಇಲ್ಲಿ ಸಾಲದು.

ಒಂದು ವ್ಯತ್ಯಾಸವನ್ನು ನಿಮ್ಮ ಮುಂದೆ ಹೇಳಲೇಬೇಕು. ಇಲ್ಲಿನ ಶುದ್ಧಿಯಲ್ಲಿ ಕೈ ತೊಳೆದಿದೆಯೇ ಎಂಬುದೊಂದೇ ಪ್ರಶ್ನೆ, ಅದು ಯಾರ ಕೈ ಎಂಬ ಪ್ರಶ್ನೆ ಇಲ್ಲ. ಅಜ್ಜಿಯ ಮಡಿಯಲ್ಲಿ ಎರಡೂ ಬೆರೆತಿದ್ದವು. ನನ್ನ ಉಪನಯನದ ದಿನ ನೀವು ಎಲ್ಲರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದಾಗ ನೆಂಟರಲ್ಲಿ ಕೆಲವರು ಎದ್ದುಹೋದದ್ದು ನನಗೆ ನೆನಪಿದೆ. ಅಂದು ನೀವು ಉಳಿಸಿಕೊಂಡದ್ದನ್ನೂ ಬಿಟ್ಟುಕೊಟ್ಟದ್ದನ್ನೂ ನಾನು ಇಲ್ಲಿ ಪ್ರತಿದಿನ ಕಾಣುತ್ತೇನೆ.

ಅಮ್ಮನ ಸಸ್ಯಾಹಾರದ ಬಗ್ಗೆ ಚಿಂತೆ ಬೇಡ. ಅನ್ನ, ದಾಲ್, ತರಕಾರಿಯ ಒಂದೆರಡು ಬಗೆ ಇರುವ ಭಾರತೀಯ ವಿಭಾಗ ನಮ್ಮ ಬಫೆಯಲ್ಲಿ ದಿನವೂ ಇರುತ್ತದೆ. ಆದರೆ ಜನ ಕೋಳಿಯ ತಟ್ಟೆಯಲ್ಲಿದ್ದ ಇಕ್ಕಳವನ್ನು ಯೋಚಿಸದೆ ಪಕ್ಕದ ತರಕಾರಿಯ ತಟ್ಟೆಗೆ ಹಾಕಿಬಿಡುತ್ತಾರೆ. ಇದು ಸಸ್ಯಾಹಾರಿಗಳಿಗೆ ಮನಸ್ಸಿನ ನೋವು, ನೆಲಗಡಲೆಯೋ ಸಿಗಡಿಯೋ ಮೈಗೆ ಒಗ್ಗದವರಿಗೆ ಜೀವಕ್ಕೇ ಅಪಾಯ. ಹಾಗೆ ಬೆರೆತದ್ದು ಕಂಡರೆ ನೀವು ಸರಿಪಡಿಸಲು ಹೋಗದೆ ಅಲ್ಲಿ ನಿಂತ ಅಡುಗೆಯವರಿಗೆ ತೋರಿಸಿ, ಅವರು ಇಡೀ ತಟ್ಟೆಯನ್ನೇ ಬದಲಿಸುತ್ತಾರೆ. ಅಕ್ಕನ ಮಗಳನ್ನು ಒಬ್ಬಳನ್ನೇ ಬಡಿಸಿಕೊಳ್ಳಲು ಕಳುಹಿಸಬೇಡಿ. ಪದಾರ್ಥಗಳ ಮೇಲಿರುವ ಗಾಜಿನ ತಡೆ ದೊಡ್ಡವರ ಮುಖದ ಎತ್ತರಕ್ಕಿದೆ, ಮಕ್ಕಳ ಮೂಗು, ಬಾಯಿ ಅದರ ಕೆಳಗೇ ಬರುತ್ತವೆ.

ಹಡಗು ಹತ್ತಿದ ದಿನ ಮಧ್ಯಾಹ್ನ ಬಫೆಗೆ ಬರಬೇಡಿ. ಕೋಣೆಗಳು ಇನ್ನೂ ಸಿದ್ಧವಾಗಿರದ ಕಾರಣ ಸಾವಿರಾರು ಜನ ಕೈಚೀಲಗಳ ಸಮೇತ ಅಲ್ಲಿಗೇ ಬರುತ್ತಾರೆ, ಕೂರಲು ಜಾಗ ಸಿಗದೆ ಮುಖ ಸಿಂಡರಿಸಿಕೊಳ್ಳುತ್ತಾರೆ. ಅಂದು ಕೆಳಗಿನ ಸಭಾಂಗಣ ತೆರೆದಿದ್ದರೆ ಅಲ್ಲಿ ನೆಮ್ಮದಿಯಾಗಿ ಕುಳಿತು ಉಣ್ಣಬಹುದು. ಉಳಿದ ದಿನಗಳಲ್ಲಿಯೂ ಮೇಜಿನ ಮೇಲೆ ಪುಸ್ತಕವನ್ನೋ ಟವೆಲನ್ನೋ ಇಟ್ಟು ಗಂಟೆಗಟ್ಟಲೆ ಜಾಗ ಹಿಡಿಯುವುದು ಸರಿಯಲ್ಲ. ತುಂಬಿದ ತಟ್ಟೆ ಹಿಡಿದು ನಿಂತವರ ಕಣ್ಣೆದುರು ಖಾಲಿ ಕುರ್ಚಿಯನ್ನು ಕಾಯುವುದು ಒಳ್ಳೆಯ ಮನೆಯವರ ನಡತೆಯಲ್ಲ.

ತಟ್ಟೆಯಲ್ಲಿ ಬಿಡುವುದರ ಬಗ್ಗೆ ನಿಮಗೆ ಹೇಳಬೇಕಾದದ್ದು ಇಲ್ಲವಾದರೂ ಭಾವನವರಿಗೆ ಓದಿ ಹೇಳಿ. ಒಮ್ಮೆ ಪ್ರಯಾಣಿಕರ ತಟ್ಟೆಗೆ ಬಂದದ್ದು ಯಾರ ಹೊಟ್ಟೆಗೂ ಹೋಗುವಂತಿಲ್ಲ. ಊರಿನಲ್ಲಾದರೆ ಮಿಕ್ಕ ಎಲೆ ದನದ ಕೊಟ್ಟಿಗೆಗೆ ಹೋಗುತ್ತದೆ. ಇಲ್ಲಿ ಸಮುದ್ರಕ್ಕೆ ಬಿಡುವ ಅನ್ನವನ್ನೆಲ್ಲ ಮೊದಲು ಯಂತ್ರಕ್ಕೆ ಹಾಕಿ 25 ಮಿಲಿಮೀಟರಿನ ಜಾಲರಿಯಲ್ಲಿ ಇಳಿಯುವಷ್ಟು ಸಣ್ಣಗೆ ಅರೆಯಬೇಕು, ದಡದಿಂದ 12 ನಾಟಿಕಲ್ ಮೈಲಿಗೂ ಆಚೆ ಹೋದ ಮೇಲೆ ಮಾತ್ರ ಬಿಡಬೇಕು. ಕೆರಿಬಿಯನ್ ಸಮುದ್ರಕ್ಕೆ ಅಂತಾರಾಷ್ಟ್ರೀಯ ನಿಯಮವೇ ಹಾಗಿದೆ. ಕಚ್ಚಿಯೂ ನೋಡದ ಮಾಂಸದ ತುಂಡುಗಳನ್ನೂ ಇಡಿಯಾದ ಕೇಕುಗಳನ್ನೂ ಆ ಯಂತ್ರಕ್ಕೆ ತಳ್ಳುವ ಕೆಲಸವನ್ನು ಮೊದಲ ವರ್ಷ ನಾನು ಮಾಡಿದ್ದೇನೆ, ರಾತ್ರಿ ಮಲಗಿದಾಗಲೂ ಅದರ ಸದ್ದು ಕಿವಿಯಲ್ಲಿ ಇರುತ್ತಿತ್ತು. ಎಷ್ಟು ಸಲ ಬೇಕಾದರೂ ಎದ್ದು ಬಂದು ಹಾಕಿಸಿಕೊಳ್ಳಲು ಅವಕಾಶವಿರುವಾಗ ಮೊದಲ ಸಲವೇ ಗುಡ್ಡೆ ಹಾಕಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ.

ತಟ್ಟೆ ತೆಗೆಯಲು ಬರುವ ಹುಡುಗರ ಎದೆಯ ಮೇಲೆ ಅವರ ಹೆಸರು ಮತ್ತು ದೇಶ ಬರೆದ ಪಟ್ಟಿ ಇರುತ್ತದೆ. ಬೆರಳು ಚಿಟಿಕೆ ಹಾಕಿ ಕರೆಯುವವರೇ ಹೆಚ್ಚಾಗಿರುವ ಕಡೆ, ಹೆಸರು ಹಿಡಿದು ಕರೆದರೆ ಅವರ ಮುಖ ಅರಳುತ್ತದೆ. ಪಂಕ್ತಿಯ ಕೊನೆಯ ಎಲೆಯವರನ್ನು ಕೂಡ ಇನ್ನೇನು ಬೇಕು ಎಂದು ಹೆಸರು ಹೇಳಿ ವಿಚಾರಿಸುತ್ತಿದ್ದವರು ನೀವು.

ಪ್ರಯಾಣದ ಎರಡನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಬನ್ನಿ. ಆಗ ಜನ ಕಡಿಮೆ. ಹಿಂಬದಿಯ ಗಾಜಿನ ಗೋಡೆಯ ಪಕ್ಕದ ಮೇಜಿನಲ್ಲಿ ಕುಳಿತರೆ ಹಡಗು ಹಿಂದೆ ಬಿಟ್ಟುಬಂದ ಬಿಳಿಯ ನೊರೆಯ ದಾರಿ ಕಾಣುತ್ತದೆ. ಸಮವಸ್ತ್ರದಲ್ಲಿರುವಾಗ ನಾನು ನಿಮ್ಮ ಜೊತೆ ಕುಳಿತು ತಿನ್ನುವಂತಿಲ್ಲ. ಆ ವಾರ ನನ್ನ ಪಾಳಿಯನ್ನು ಆ ಮೇಜುಗಳಿಗೇ ಹಾಕಬೇಕೆಂದು ಮೇಲ್ವಿಚಾರಕರನ್ನು ಈಗಲೇ ಕೇಳಿಕೊಂಡಿದ್ದೇನೆ. ಒಪ್ಪಿದ್ದಾರೆ. ನಿಮ್ಮ ಕಾಫಿಗೆ ಸಕ್ಕರೆ ಈಗಲೂ ಅರ್ಧ ಚಮಚವೇ ಎಂಬುದನ್ನು ಮುಂದಿನ ಸಲ ಫೋನಿನಲ್ಲಿ ತಿಳಿಸಿ. ಅಮ್ಮನಿಗೆ ಹಿಂಬದಿ ಪಟ್ಟಿಯಿರುವ, ಜಾರದ ಒಂದು ಜೊತೆ ಚಪ್ಪಲಿಯನ್ನು ದಯವಿಟ್ಟು ಊರಿನಲ್ಲಿಯೇ ಕೊಡಿಸಿ, ಕಾಲಿಗೆ ಒಗ್ಗಿಸಿಕೊಂಡು ಬರಲಿ.

ಇತಿ ನಿಮ್ಮ ಆಶೀರ್ವಾದವನ್ನು ಬೇಡುವ,
ನಿಮ್ಮ ಮಗ