ಬೇಸ್‌ಲೈನ್ ಯಾವುದು ಅಂತ ಕೇಳಿದ್ಲು ಕಣೋ

ಲೋ ಗೆಳೆಯ,

ಮೆಸೇಜಲ್ಲೇ ಹೇಳಬಹುದಿತ್ತು, ಆದ್ರೆ ನಮ್ಮ ಫೀಲ್ಡಿನ ನಾಲ್ಕು ಜನ ಓದ್ಲಿ ಅಂತ ಇಲ್ಲೇ ಬರೀತಿದೀನಿ. ಸೊನ್ನೆರಾಯರು ಹೇಗಿದಾರೆ? ಕೋಡಲ್ಲಿ ಸೊನ್ನೆ ಬಿಟ್ಟು ಇನ್ನೂ ಒಂದರಿಂದಲೇ ಎಣಿಸ್ತಾರಾ?

ಮೊನ್ನೆ ಹೊಸದಾಗಿ ಸೇರಿರೋ ಪಿಎಚ್‌ಡಿ ಹುಡುಗಿ ನಮ್ಮ ಮೊದಲನೇ ಪೇಪರ್ ಹಿಡ್ಕೊಂಡು ಬಂದ್ಲು. ಅದೇ, ಒಟ್ಟೊಟ್ಟಿಗೆ ಲೆಕ್ಕ ಮಾಡೋ 512 ಕೋರ್‌ವರೆಗೂ ಸ್ಪೀಡಪ್, ಅಂದ್ರೆ ಎಷ್ಟು ಪಟ್ಟು ಬೇಗ ಓಡ್ತು ಅನ್ನೋದು, ಸ್ಕೇಲಿಟ್ಟು ಗೆರೆ ಎಳ್ದಂಗೆ ಹೋಗುತ್ತಲ್ಲ, ಆ ಗ್ರಾಫು. "ಸರ್, ಇದಕ್ಕೆ ಬೇಸ್‌ಲೈನ್ ಯಾವುದು?" ಅಂದ್ಲು, ಅಂದ್ರೆ ಯಾವುದಕ್ಕೆ ಹೋಲಿಸಿ ಇಷ್ಟು ಪಟ್ಟು ಅಂತ. ನಮ್ಮದೇ ಕೋಡು, ಒಂದು ಕೋರಲ್ಲಿ ಓಡಿಸಿದ್ದು ಅಂದೆ. ಹೂಂ ಅಂತ ಬರ್ಕೊಂಡು ಹೋದ್ಲು. ನನಗೆ ರಾತ್ರಿ ನಿದ್ದೆ ಬರ್ಲಿಲ್ಲ.

ನಾವು ಹಾಕಿದ್ದು ಜಾಕೋಬಿ ವಿಧಾನ, ಉತ್ತರಾನ ಸುತ್ತು ಸುತ್ತಾಗಿ ತಿದ್ಕೊಂಡು ಹೋಗೋದು. ಪ್ರತಿ ಬಿಂದುನೂ ಪಕ್ಕದವರ ಹಳೇ ಬೆಲೆ ತಗೊಂಡು ತನ್ನ ಪಾಡಿಗೆ ಲೆಕ್ಕ ಮಾಡ್ಕೊಳ್ಳುತ್ತೆ, ಹಾಗಾಗಿ ಕೋರ್ ಹೆಚ್ಚಿಸಿದಷ್ಟೂ ಚೆನ್ನಾಗಿ ಓಡುತ್ತೆ. ಆದ್ರೆ ಪಾಯ್ಸನ್ ಸಮೀಕರಣಕ್ಕೆ (ಶಾಖ, ವಿದ್ಯುತ್ ಕ್ಷೇತ್ರದಂಥ ಲೆಕ್ಕದಲ್ಲಿ ಬರೋದು) 1000×1000 ಬಿಂದುಗಳ ಗ್ರಿಡ್ ಅಂದ್ರೆ ಅದಕ್ಕೆ ಲಕ್ಷಗಟ್ಟಲೆ ಸುತ್ತು ಬೇಕು, ಹತ್ತು ಲಕ್ಷ ದಾಟಿದ್ರೂ ದಾಟೀತು, ಅದೇ 1952ರಲ್ಲಿ ಹೆಸ್ಟೆನೆಸ್, ಸ್ಟೀಫೆಲ್ ಕೊಟ್ಟ ಕಾಂಜುಗೇಟ್ ಗ್ರೇಡಿಯಂಟ್ (ಸಿಜಿ) ವಿಧಾನಕ್ಕೆ ಸಾವಿರದ ಲೆಕ್ಕದಲ್ಲಿ ಮುಗಿಯುತ್ತೆ. ಅದ್ರಲ್ಲಿ ಸುತ್ತು ಸುತ್ತಿಗೂ ಡಾಟ್ ಪ್ರಾಡಕ್ಟ್ ಬರುತ್ತೆ, ಎಲ್ಲಾ ಕೋರಿನ ಲೆಕ್ಕಾನೂ ಕೂಡಿಸಿದ ಮೊತ್ತ ಅದು, ಎಲ್ಲಾ ಕೋರೂ ಕಾಯ್ತಾ ನಿಲ್ಲಬೇಕು, ಅದಕ್ಕೇ ಅದರ ಗ್ರಾಫು ಬೇಗ ಬಾಗೋದು. ಸ್ಪೀಡಪ್ ಚಂದ ಕಾಣಬೇಕಾ, ನಿಧಾನದ ಕೋಡ್ ತಗೊಂಡ್ರಾಯ್ತು.

ಆಗ ಗೊತ್ತಿರಲಿಲ್ಲ ಅಂತ ಬರೆದು ಮುಗಿಸೋಣ ಅಂತಿದ್ದೆ. ಗೊತ್ತಿತ್ತು ಕಣೋ. ಸಬ್ಮಿಟ್ ಮಾಡೋ ಹಿಂದಿನ ವಾರ ಒಂದೇ ಕೋರಲ್ಲಿ ಸಿಜಿ ಓಡಿಸಿ ನೋಡಿದ್ದೆ, ನಮ್ಮ 512 ಕೋರಿನ ಜಾಕೋಬಿ ತಗೊಂಡಷ್ಟೇ ಹೊತ್ತಲ್ಲಿ ಹೆಚ್ಚುಕಮ್ಮಿ ಮುಗೀತು. ಆ ನಂಬರ್ ಪೇಪರಿಗೆ ಹಾಕ್ಲಿಲ್ಲ, ಜೊತೇಲಿ ಹೆಸರಿದ್ದ ನಿನಗೂ ಹೇಳ್ಲಿಲ್ಲ. ಸುಳ್ಳು ಒಂದಕ್ಷರನೂ ಬರೆದಿಲ್ಲ, ಆದ್ರೂ. ಇಂಟರ್ವ್ಯೂನಲ್ಲಿ ಎಲ್ಲರೂ ತಲೆದೂಗಿದ್ದು ಅದೇ ಸ್ಲೈಡಿಗೆ, ಕೆಲಸ ಸಿಕ್ಕಿದ್ದೂ ಅದ್ರಿಂದಲೇ, ಇಷ್ಟು ವರ್ಷ ಪಾಠ ಮಾಡಿದ್ದು, ಬೇರೆಯವರ ಪೇಪರ್ ರಿವ್ಯೂಗೆ ಬಂದಾಗ ಬೇಸ್‌ಲೈನ್ ಸರಿ ಇಲ್ಲ ಅಂತ ವಾಪಸ್ ಕಳಿಸಿದ್ದು ಎಲ್ಲಾ ಅದರ ಮೇಲೇ ನಿಂತಿದೆ. 1991ರಲ್ಲಿ ಡೇವಿಡ್ ಬೇಲಿ ಪ್ಯಾರಲಲ್ ಕಂಪ್ಯೂಟರಿನ ಹೆಸರಲ್ಲಿ ಜನರನ್ನ ಮರುಳು ಮಾಡೋ 12 ದಾರಿ ಬರೆದಿದ್ದನ್ನ ಓದಿ ನಾವಿಬ್ರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಲ್ಲ, ಆಗ್ಲೇ ನಿನಗೆ ಹೇಳಬೇಕಿತ್ತು.

ಇಷ್ಟೆಲ್ಲಾ ಬರೆಯೋ ಉದ್ದೇಶ ಇರ್ಲಿಲ್ಲ ಮಾರಾಯ. ಸಾಕು. ಹಳೇ ಕೋಡ್ ಹುಡುಕಿ ಕಂಪೈಲ್ ಮಾಡಿದೀನಿ, ಎರಡೂ ಗೆರೆ ಒಂದೇ ಗ್ರಾಫಲ್ಲಿ ಬರ್ತವೆ, ಈ ಸಲ ಸ್ಪೀಡಪ್ ಅಲ್ಲ, ಬರೀ ಸೆಕೆಂಡು. ಆ ಹುಡುಗೀನೇ ಸ್ಕ್ರಿಪ್ಟ್ ಬರೆದ್ಲು, ಅವಳಿಗೂ ಎಲ್ಲಾ ಹೇಳಿದೀನಿ. ಓಡಿಸೋಕೆ ಕೊಟ್ಟಿರೋ ಜಾಬ್ ಇನ್ನೂ ಕ್ಯೂನಲ್ಲಿದೆ. ಬಂದ ತಕ್ಷಣ ಕಳಿಸ್ತೀನಿ, ಸೊನ್ನೆರಾಯರಿಗೂ ತೋರಿಸು, ಎಲ್ಲಿಂದ ಎಣಿಸಿದ್ರೂ ಸರಿ.

ನಿನ್ನ
ಏಳನೇ ಪ್ರಿಂಟ್‌ಎಫ್