ಹನ್ನೆರಡೋ, ಇಪ್ಪತ್ತೊಂದೋ

ಚಿರಂಜೀವಿ ಮಗಳಿಗೆ, ಅಮ್ಮನ ಆಶೀರ್ವಾದಗಳು.

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಎರಡು ಮಾತು ಹೇಳಿದೆ. ಕಾಲೇಜು ತಂಡದ ಆಯ್ಕೆಗೆ ಹೋಗುವುದಿಲ್ಲ, ಬ್ಯಾಸ್ಕೆಟ್‌ಬಾಲ್ ಇಲ್ಲಿಗೆ ಸಾಕು ಎಂದದ್ದು ಮೊದಲನೆಯದು. ಅದಕ್ಕೆ ನಾನು ಸಿಟ್ಟಿನಲ್ಲಿ ಏನೇನೋ ಉತ್ತರ ಕೊಟ್ಟೆ. "ಅವತ್ತು ನೀನು ನಾಲ್ಕು ಅನ್ನಬಹುದಿತ್ತು ಅಮ್ಮ" ಎಂದದ್ದು ಎರಡನೆಯದು. ಅದಕ್ಕೆ ಉತ್ತರ ಹೊಳೆಯದೆ ಫೋನ್ ಇಟ್ಟುಬಿಟ್ಟೆ. ಜನವರಿಯಿಂದ ಆಗಸ್ಟ್‌ವರೆಗೆ ಒಂದೇ ಸೂರಿನಡಿ ಇದ್ದು, ದಿನಕ್ಕೆರಡು ಹೊತ್ತು ಎದುರುಬದುರು ಕೂತು ಉಂಡರೂ ಆಡದೇ ಇದ್ದ ಆ ಮಾತನ್ನು ಓಹಾಯೋಗೆ ಹೋದ ಆರನೆಯ ವಾರಕ್ಕೆ ಆಡಿದೆಯೆಂದರೆ, ಅದು ಅಷ್ಟು ದಿನವೂ ನಿನ್ನ ಗಂಟಲಲ್ಲೇ ಇತ್ತೆಂದಾಯಿತು. ನನ್ನ ಗಂಟಲಲ್ಲೂ ಒಂದು ಮಾತಿದೆ. ಅದಕ್ಕಾಗಿ ಈ ಪತ್ರ.

ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ನೀನು ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದುವವಳು, ಈ ಪತ್ರವನ್ನು ಹಾಗೆಯೇ ಓದಬೇಕೆಂಬುದು ನನ್ನ ಆಸೆ. ಇಂಗ್ಲಿಷಿನಲ್ಲಾದರೆ ನಾವಿಬ್ಬರೂ ಬೇಗ ಮಾತಾಡುತ್ತೇವೆ, ಬೇಗ ಜಗಳಕ್ಕಿಳಿಯುತ್ತೇವೆ. ಆ ಶುಕ್ರವಾರ ನಾವು ಒಂದೇ ಅಂಕದಿಂದ ಸೋತದ್ದು, ಕೊನೆಯ ಎರಡು ನಿಮಿಷ ನೀನು ಬೆಂಚಿನಲ್ಲಿ ಟವೆಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದು ಇಬ್ಬರಿಗೂ ಗೊತ್ತಿರುವ ಸಂಗತಿಗಳಾದ್ದರಿಂದ ಅವನ್ನು ಬಿಡುತ್ತೇನೆ. ನಿನಗೆ ಗೊತ್ತಿಲ್ಲದಿರುವುದು ಎರಡನೆಯ ಕ್ವಾರ್ಟರ್‌ನ ಒಂದು ಗಳಿಗೆ.

ನೀನು ಒಂಬತ್ತನೆಯ ತರಗತಿಯಲ್ಲಿದ್ದಾಗ ಜೂನಿಯರ್ ತಂಡದ ಅಂಕ, ಫೌಲ್‌ಗಳನ್ನು ದಾಖಲಿಸುವ ಸ್ಕೋರ್‌ಬುಕ್ ಬರೆಯಲು ಯಾರೂ ಸಿಗದೆ ನನ್ನನ್ನು ಕೇಳಿದರು. ಮೂವತ್ತು ವರ್ಷ ಆ ಮೇಜಿನ ಮುಂದೆ ಕೂತಿದ್ದ ನಿವೃತ್ತ ಗಣಿತದ ಮೇಷ್ಟರು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದರು. ಮುಂದೆ ಅವರ ಕಣ್ಣಿಗೆ ಶಸ್ತ್ರಚಿಕಿತ್ಸೆಯಾದಾಗ ಶಾಲೆಯ ಮುಖ್ಯ ತಂಡದ ಪುಸ್ತಕವೂ ನನ್ನ ಕೈಗೆ ಬಂತು. ಬರೆದದ್ದನ್ನು ಅಳಿಸಕೂಡದು, ತಪ್ಪಾದರೆ ಗೀಟೆಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ರುಜು ಹಾಕಬೇಕು ಎಂದು ಅವರು ಮೊದಲ ದಿನವೇ ಹೇಳಿದರು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಜೀವಮಾನವೆಲ್ಲ ಲೆಕ್ಕ ಬರೆದ ನಿನ್ನ ತಾತ ಹೇಳುತ್ತಿದ್ದುದೂ ಅದೇ ಮಾತು. ಇಂಡಿಯಾನಾಕ್ಕೆ ಬಂದ ಹತ್ತು ವರ್ಷಗಳಲ್ಲಿ ಮೊದಲ ಸಲ, ಇಲ್ಲಿ ನನಗೂ ಒಂದು ಕೆಲಸವಿದೆ ಎನ್ನಿಸಿತು. ನಿನ್ನಪ್ಪನಿಗೆ ಕೊಲಂಬಸ್‌ನ ಕಮಿನ್ಸ್ ಕಾರ್ಖಾನೆಯಿತ್ತು, ನಿನಗೆ ಶಾಲೆಯಿತ್ತು, ನನಗೆ ಆ ಮೇಜು ಸಿಕ್ಕಿತು.

ಈ ಸೀಮೆಯ ಜನರಿಗೆ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಎಂದರೆ ಏನೆಂಬುದು ನನಗೆ ಅರ್ಥವಾದದ್ದೂ ಆ ಮೇಜಿನ ಹಿಂದಿನಿಂದಲೇ. ನಮಗೆ ಹತ್ತಿರದ ಸೇಮೋರ್‌ನಂಥ ಊರಿನ ಹೈಸ್ಕೂಲ್ ಜಿಮ್‌ನಲ್ಲಿ 8,000ಕ್ಕೂ ಹೆಚ್ಚು ಜನ ಕೂರಬಹುದು. ಅಷ್ಟು ದೊಡ್ಡದನ್ನು ಯಾಕೆ ಕಟ್ಟಿದರೆಂದು ಹೊಸತರಲ್ಲಿ ನಿನ್ನಪ್ಪನನ್ನು ಕೇಳಿದ್ದೆ. ಆಮೇಲೆ ನೋಡಿದೆ, ತಮ್ಮ ಮನೆಯ ಮಕ್ಕಳು ಆಡಿ ಮುಗಿಸಿ ಇಪ್ಪತ್ತು ವರ್ಷವಾಗಿದ್ದರೂ ಪ್ರತಿ ಶುಕ್ರವಾರ ಅದೇ ಮೆಟ್ಟಿಲಿನ ಅದೇ ಜಾಗಕ್ಕೆ ಬಂದು ಕೂರುವ ಮುದುಕರು, ಆರನೆಯ ತರಗತಿಯ ಹುಡುಗಿಯೊಬ್ಬಳು ಎಡಗೈಯಲ್ಲೂ ಚೆಂಡು ಪುಟಿಸುತ್ತಾಳೆಂಬುದನ್ನು ನೆನಪಿಟ್ಟುಕೊಂಡು ಅವಳು ಹೈಸ್ಕೂಲಿಗೆ ಬರುವುದನ್ನು ಮೂರು ವರ್ಷ ಕಾಯುತ್ತಾರೆ. ನಿನ್ನನ್ನೂ ಹಾಗೆ ಕಾದಿದ್ದರು. ಪೆಟ್ರೋಲ್ ಬಂಕಿನಲ್ಲಿ ಮುಖಪರಿಚಯವೂ ಇಲ್ಲದ ಜೋಳದ ರೈತರೊಬ್ಬರು, 12ನೆಯ ನಂಬರಿನ ಅಂಗಿಯ ಹುಡುಗಿಯ ಕಣಕಾಲಿನ ಬಾವು ಇಳಿಯಿತೇ ಎಂದು ನನ್ನನ್ನು ಕೇಳಿದ್ದುಂಟು. ಮೇಜಿನ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಆ ಬಿಳಿಗೂದಲಿನ ಹೆಂಗಸು ನಿನಗೆ ನೆನಪಿರಬಹುದು. ಈ ರಾಜ್ಯದಲ್ಲಿ ಹುಡುಗರ ಟೂರ್ನಿ ಶುರುವಾದದ್ದು 1911ರಲ್ಲಿ, ಹುಡುಗಿಯರದು 1976ರಲ್ಲಿ. ಅಷ್ಟರಲ್ಲಿ ಆಕೆಯ ಹೈಸ್ಕೂಲು ಮುಗಿದುಹೋಗಿತ್ತು. ನೀನು ಇಬ್ಬರ ನಡುವೆ ನುಗ್ಗಿ ಚೆಂಡು ಕಸಿದಾಗಲೆಲ್ಲ ಆಕೆ ನನ್ನ ಹೆಗಲನ್ನು ಒತ್ತುತ್ತಿದ್ದರು. ಬರೆಯುವವಳು ತಿರುಗಿ ನೋಡಬಾರದೆಂದು ನಾನು ನೋಡುತ್ತಿರಲಿಲ್ಲ. ಆದರೆ ಆ ಕೈ ಹೆಗಲ ಮೇಲಿದ್ದಷ್ಟು ಹೊತ್ತು ನನಗೆ ಎಷ್ಟು ಹೆಮ್ಮೆಯಾಗುತ್ತಿತ್ತೆಂದು ನಿನಗೆ ಒಮ್ಮೆಯೂ ಹೇಳಿಲ್ಲ.

ಈಗ ಆ ಗಳಿಗೆ. ನಿಮ್ಮ ಅಂಗಿಗಳ ಮೇಲೆ 6, 7, 8, 9 ಎಂಬ ಅಂಕಿಗಳೇ ಇರಲಿಲ್ಲ, ಏಕೆಂದರೆ ರೆಫರಿಯ ಒಂದು ಕೈಗೆ ಐದೇ ಬೆರಳು. ಫೌಲ್ ಮಾಡಿದವರ ಸಂಖ್ಯೆಯನ್ನು ಅವರು ಮೇಜಿನ ಕಡೆಗೆ ಮುಖ ಮಾಡಿ ಎರಡೂ ಕೈಗಳಲ್ಲಿ ತೋರಿಸುತ್ತಾರೆ. ಅವರ ಬಲಗೈ ನನ್ನ ಎಡಕ್ಕೆ ಬರುವುದರಿಂದ ಸಾಲು ಓದಿದಂತೆ ಎಡದಿಂದ ಬಲಕ್ಕೆ ಓದಿಕೊಳ್ಳಬೇಕು. ಒಂದು ಮತ್ತು ಎರಡು ಎಂದರೆ 12, ಅದು ನೀನು. ಎರಡು ಮತ್ತು ಒಂದು ಎಂದರೆ 21, ಆ ವರ್ಷವಷ್ಟೇ ತಂಡಕ್ಕೆ ಬಂದಿದ್ದ ಒಂಬತ್ತನೆಯ ತರಗತಿಯ ಹುಡುಗಿ. ಗುರಿ ತಪ್ಪಿ ಪುಟಿದ ಚೆಂಡಿನ ರೀಬೌಂಡಿಗೆ ನೀವಿಬ್ಬರೂ ಒಟ್ಟಿಗೆ ಹಾರಿದಿರಿ, ಎದುರಾಳಿ ಹುಡುಗಿ ಕೆಳಗೆ ಬಿದ್ದಳು, ಸೀಟಿ ಕೇಳಿಸಿತು. ಅದಕ್ಕೆ ಮುಂಚಿನ ಟೈಮ್‌ಔಟನ್ನು ಗುರುತು ಮಾಡಲು ಮರೆತಿದ್ದ ನಾನು ಅದನ್ನು ಆಗ ಅಂಚಿನಲ್ಲಿ ಬರೆಯುತ್ತಿದ್ದೆ. ತಲೆಯೆತ್ತಿದಾಗ ರೆಫರಿಯ ಕೈಗಳು ಇಳಿಯುತ್ತಿದ್ದವು. ಒಂದು ಕೈಯಲ್ಲಿ ಒಂದು ಬೆರಳು, ಇನ್ನೊಂದರಲ್ಲಿ ಎರಡು. ಇಷ್ಟನ್ನು ಕಂಡದ್ದು ನಿಜ. ಯಾವ ಕೈಯಲ್ಲಿ ಯಾವುದು ಎಂಬುದನ್ನು ಕಂಡೆನೋ, ನಿನ್ನ ಸಂಖ್ಯೆಯೇ ಸದಾ ಕಣ್ಣಲ್ಲಿ ತುಂಬಿಕೊಂಡಿದ್ದರಿಂದ ಕಂಡೆನೆಂದು ಅಂದುಕೊಂಡೆನೋ, ಇಂದಿಗೂ ಹೇಳಲಾರೆ. ಅನುಮಾನ ಬಂದರೆ ಬಜರ್ ಒತ್ತಿ ರೆಫರಿಯನ್ನು ಕರೆದು ಕೇಳು ಎಂದು ಮೇಷ್ಟರು ಕಲಿಸಿದ್ದರು. ನಾನು ಒತ್ತಲಿಲ್ಲ. ನಿನ್ನ ಹೆಸರಿನ ಮುಂದೆ ಮೂರನೆಯ ಫೌಲ್ ಹಾಕಿದೆ.

ಅದನ್ನು ಸರಿಪಡಿಸಿಕೊಳ್ಳಲು ದಾರಿಯಿತ್ತು. ಅರ್ಧ ಆಟ ಮುಗಿದಾಗ ಎರಡೂ ತಂಡಗಳ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಅಂಕಗಳನ್ನೂ ಒಬ್ಬೊಬ್ಬರ ಫೌಲ್‌ಗಳನ್ನೂ ತಾಳೆ ನೋಡುವುದು ಮೇಷ್ಟರ ಪದ್ಧತಿ, ನಾನೂ ಅದನ್ನು ಪ್ರತಿ ಆಟದಲ್ಲಿ ಪಾಲಿಸಿದ್ದೆ. ಆ ರಾತ್ರಿ ಮಾತ್ರ, ಕೊನೆಯ ವರ್ಷದ ಆಟಗಾರ್ತಿಯರನ್ನು ತಂದೆ ತಾಯಿಯರೊಂದಿಗೆ ಅಂಗಣದ ನಡುವೆ ನಿಲ್ಲಿಸಿ ಹೂವು ಕೊಡುವುದಿತ್ತು. ಒಟ್ಟು ಅಂಕಗಳನ್ನಷ್ಟೇ ಹೋಲಿಸಿ, ಕಪ್ಪು ಬಿಳಿ ಪಟ್ಟೆಯ ಅಂಗಿಯನ್ನು ಕಳಚಿ ಕುರ್ಚಿಯ ಮೇಲೆ ಹಾಕಿ, ಸೀರೆಯ ನೆರಿಗೆ ಸರಿಮಾಡಿಕೊಂಡು ನಿನ್ನ ಪಕ್ಕಕ್ಕೆ ಬಂದು ನಿಂತೆ. ನಿನ್ನ ಹೆಸರು ಹೇಳಿದಾಗ ಎಲ್ಲರೂ ಎದ್ದು ನಿಂತರು. ಆ ಹತ್ತು ನಿಮಿಷ ನಾನು ಬರೀ ತಾಯಿಯಾಗಿದ್ದೆ, ತಾಳೆ ನೋಡಲಿಲ್ಲ.

ನಿನ್ನನ್ನು ಆಟದಿಂದಲೇ ಹೊರಗೆ ಕಳಿಸುವ ಐದನೆಯ ಫೌಲ್ ಬಂದಾಗ ಎದುರು ತಂಡದ ಪುಸ್ತಕ ಬರೆಯುತ್ತಿದ್ದ ಹುಡುಗ ಮೆಲ್ಲಗೆ, ತನ್ನ ಪುಸ್ತಕದಲ್ಲಿ 12ಕ್ಕೆ ನಾಲ್ಕೇ ಇದೆ ಎಂದ. ಅವನಿಗೆ ಹದಿನಾರು ವರ್ಷವಿದ್ದಿರಬಹುದು. ರೆಫರಿ ಬಂದರು; ಪುಸ್ತಕಗಳು ಹೊಂದದಿದ್ದರೆ ನಡೆಯುವುದು ಮೇಜಿನ ಅಧಿಕೃತ ಪುಸ್ತಕ, ಅದು ನನ್ನದು. ಖಚಿತವೇ ಎಂದು ಕೇಳಿದರು. ನಾನು ಹೌದು ಎಂದೆ.

ಮಗಳೇ, ಆ ಹುಡುಗನ ಬಗ್ಗೆ ನಾನು ಯೋಚಿಸದ ದಿನವಿಲ್ಲ. ನೀನು ಹೊರಗೆ ಹೋದರೆ ಅವನ ತಂಡಕ್ಕೇ ಲಾಭ, ಸುಮ್ಮನಿದ್ದಿದ್ದರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ತನ್ನವರಿಗೆ ನಷ್ಟವಾಗುವ ಸಂಗತಿಯನ್ನು ಅವನು ಹೇಳಿದನೆಂದರೆ ಅವನು ಕೈಗಳನ್ನು ಸರಿಯಾಗಿ ಕಂಡಿದ್ದನೆಂದೇ ಅರ್ಥವಲ್ಲವೇ? ನಾನೂ ನನ್ನವಳಿಗೆ ನಷ್ಟವಾಗುವುದನ್ನೇ ಹೇಳಿದೆ, ಹಾಗಾಗಿ ನನ್ನದೇ ಸತ್ಯ ಎಂದುಕೊಂಡೆ. ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಯಿತು, ಆ ಸಂಕಟವನ್ನೇ ಪ್ರಾಮಾಣಿಕತೆಯ ಗುರುತೆಂದು ತಿಳಿದೆ. ಅದರ ಕೆಳಗೆ ಇನ್ನೊಂದು ಭಯವಿತ್ತು. ಆ ಜಿಮ್‌ನಲ್ಲಿ ನಮ್ಮಂಥವರು ನಾವು ಮೂವರೇ. ಮಗಳನ್ನು ಉಳಿಸಿಕೊಳ್ಳಲು ಲೆಕ್ಕ ತಿದ್ದಿದಳು ಎಂದು ಯಾರಾದರೂ ಅಂದಾರೆಂಬ ಭಯ. ಮೂರನೆಯ ಫೌಲಿನ ಬಗ್ಗೆ ನನಗೆ ಅನುಮಾನವಿದೆ ಎಂದು ರೆಫರಿಗೆ ಹೇಳುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕಿತ್ತು.

ಕೋಚ್ ಇಟ್ಟುಕೊಂಡಿದ್ದ ವಿಡಿಯೊವನ್ನು ಈ ಬೇಸಿಗೆಯಲ್ಲಿ, ನೀನು ಕೆಲಸಕ್ಕೆ ಹೋಗಿದ್ದ ಮಧ್ಯಾಹ್ನಗಳಲ್ಲಿ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ರೀಬೌಂಡಿನಲ್ಲಿ ಎರಡು ಬೆನ್ನುಗಳು ಒಂದಾಗಿ ಕಾಣುತ್ತವೆ. ರೆಫರಿ ಮೇಜಿನತ್ತ ತಿರುಗುವಷ್ಟರಲ್ಲಿ ಕ್ಯಾಮೆರಾ ಬಿದ್ದ ಹುಡುಗಿಯ ಕಡೆಗೆ ಹೊರಳಿಬಿಡುತ್ತದೆ. ನಿಲ್ಲಿಸಿ, ಹಿಂದಕ್ಕೆ ಸರಿಸಿ, ಮತ್ತೆ ನಿಲ್ಲಿಸಿ ನೋಡಿದೆ. ಆ ಕೈಗಳು ಅದರಲ್ಲಿ ಇಲ್ಲವೇ ಇಲ್ಲ.

ಇಷ್ಟಾದರೂ ನಾನು ಕ್ಷಮೆ ಕೇಳಬೇಕಾದದ್ದು ಆ ಗುರುತಿಗಿಂತ ಹೆಚ್ಚಾಗಿ, ಮನೆಗೆ ಬರುವಾಗ ಕಾರಿನಲ್ಲಿ ಆಡಿದ ಮಾತಿಗೆ. ನೀನು ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದೆ. ಆ ಪಟ್ಟೆಯಂಗಿ ತೊಟ್ಟ ಮೇಲೆ ನಾನು ನಿನ್ನ ತಾಯಿಯಲ್ಲ ಎಂದೆ. ಹಾಗೆ ಹೇಳುವಾಗ ನನಗೆ ಒಂದು ಬಗೆಯ ಹೆಮ್ಮೆಯೂ ಆಗಿತ್ತೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಕ್ಷಮಿಸು.

ಇನ್ನು ಆಯ್ಕೆಯ ವಿಚಾರ. ನಿಮ್ಮ ಕಾಲೇಜಿನಂಥ ಸಣ್ಣ ಕಾಲೇಜುಗಳಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ; ಅಲ್ಲಿ ಆಡುವವರೆಲ್ಲ ಆಡಬೇಕೆನ್ನಿಸಿ ಆಡುವವರು, ಅದಕ್ಕೇ ಅದು ನಿನಗೆ ಹೇಳಿಮಾಡಿಸಿದ ಜಾಗ. ಫ್ರೆಂಚ್ ಲಿಕ್‌ನಂಥ ಪುಟ್ಟ ಊರಿನಿಂದ ಬಂದ ಹೆಸರಾಂತ ಬ್ಯಾಸ್ಕೆಟ್‌ಬಾಲ್ ಆಟಗಾರ ಲ್ಯಾರಿ ಬರ್ಡ್ 1974ರಲ್ಲಿ ಬ್ಲೂಮಿಂಗ್ಟನ್‌ನ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿ ಒಂದು ತಿಂಗಳೂ ನಿಲ್ಲಲಾರದೆ ಊರಿಗೆ ಮರಳಿ, ಕಸದ ಲಾರಿಯ ಮೇಲೆ ಕೆಲಸ ಮಾಡಿದ ಕಥೆಯನ್ನು ಈ ಭಾಗದಲ್ಲಿ ಹೇಳದವರಿಲ್ಲ. ಅವರು ವಿಶ್ವವಿದ್ಯಾಲಯವನ್ನು ಬಿಟ್ಟರು, ಚೆಂಡನ್ನು ಬಿಡಲಿಲ್ಲ. 1979ರಲ್ಲಿ ಬೇರೊಂದು ವಿಶ್ವವಿದ್ಯಾಲಯದ ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ಕರೆದೊಯ್ದರು. ಮೈಲನ್‌ನ ವಸ್ತುಸಂಗ್ರಹಾಲಯದಲ್ಲಿ ನಾವು ನೋಡಿದ್ದೆವಲ್ಲ, ಕೇವಲ 161 ವಿದ್ಯಾರ್ಥಿಗಳಿದ್ದ ಆ ಶಾಲೆ 1954ರಲ್ಲಿ ಮನ್ಸೀ ಸೆಂಟ್ರಲ್ ಶಾಲೆಯನ್ನು 32–30ರಿಂದ ಸೋಲಿಸಿದ ಕಥೆ? ಬಾಬಿ ಪ್ಲಂಪ್ ಹೊಡೆದ ಕೊನೆಯ ಬಾಸ್ಕೆಟನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಚೆಂಡು ಹಿಡಿದು ನಿಂತು ಅವರು ಎಸೆದದ್ದು ಗುರಿ ತಪ್ಪಿತ್ತು. ಇನ್ನು ನಮ್ಮ ಕೊಲಂಬಸ್‌ನ ಆಟಗಾರ್ತಿ ಆಲಿ ಪ್ಯಾಟ್‌ಬರ್ಗ್. 2015ರಲ್ಲಿ ಅವರ ಶಾಲೆ ಕೊಲಂಬಸ್ ನಾರ್ತ್ ರಾಜ್ಯ ಪ್ರಶಸ್ತಿ ಗೆದ್ದಾಗ ನೀನು ಎಂಟು ವರ್ಷದವಳು, ಅವರಂತೆಯೇ ಜುಟ್ಟು ಕಟ್ಟೆಂದು ಹಟ ಹಿಡಿದಿದ್ದೆ. ಕಾಲೇಜಿನ ಮೊದಲ ವರ್ಷವೇ ಮೊಣಕಾಲಿನ ಅಸ್ಥಿರಜ್ಜು ಹರಿದು ಅವರು ಅಂಗಣದ ಹೊರಗೆ ಕೂರಬೇಕಾಯಿತು. ಆಮೇಲೆ ಕಾಲೇಜು ಬದಲಿಸಿ 2022ರವರೆಗೂ ಆಡಿದರು. ನೀನೂ ಬೆಳಗ್ಗೆ ಬೇಗ ಏಳಬೇಕು, ಓಡುವುದನ್ನು ತಪ್ಪಿಸಬಾರದು, ಮೊಣಕಾಲಿನ ವ್ಯಾಯಾಮಗಳನ್ನು ಬಿಡಲೇಬಾರದು, ಏಕೆಂದರೆ ಹುಡುಗರಿಗಿಂತ ಹುಡುಗಿಯರಿಗೆ ಆ ಗಾಯ ಆಗುವುದು ಹೆಚ್ಚು.

ಇಷ್ಟು ಬರೆದು ಓದಿ ನೋಡಿದರೆ ನಿನ್ನೆ ಫೋನಿನಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ್ದೇನೆ. ಗೀಟು ಹೊಡೆಯದೆ ಹಾಗೆಯೇ ಬಿಡುತ್ತೇನೆ, ಏಕೆಂದರೆ ಆಡಬೇಕೆಂಬ ನನ್ನ ಆಸೆಯೂ ಸುಳ್ಳಲ್ಲ. ದಣಿದು ಬಿಡುವುದಾದರೆ ಬಿಡು, ಬೇರೊಂದು ಇಷ್ಟವಾಗಿ ಬಿಡುವುದಾದರೂ ಬಿಡು. ನನ್ನ ಪುಸ್ತಕದ ಆ ಗುರುತಿಗಾಗಿ ಬಿಡುವುದಾದರೆ ಮಾತ್ರ ನಾನು ತಾಳಲಾರೆ.

21ರ ಹುಡುಗಿ ಭಾನುವಾರ ಬಂದಿದ್ದಳು. ನಮ್ಮ ಗ್ಯಾರೇಜಿನ ಮುಂದಿನ ಹೂಪಿಗೆ ಕತ್ತಲಾಗುವವರೆಗೆ ಚೆಂಡು ಎಸೆದಳು. ನೀನು ಹೇಳಿಕೊಟ್ಟಂತೆ ಮೊಣಕೈಯನ್ನು ಒಳಗೆ ಇಟ್ಟುಕೊಳ್ಳುತ್ತಾಳೆ, ಎತ್ತರವೂ ಎರಡು ಬೆರಳು ಏರಿದ್ದಾಳೆ. ಆ ರೀಬೌಂಡಿನಲ್ಲಿ ಯಾರ ಕೈ ತಗುಲಿತೆಂದು ಅವಳಿಗೆ ಗೊತ್ತಿರಬಹುದು, ಆದರೆ ಹದಿನೈದರ ಮಗುವಿನ ತಲೆಯ ಮೇಲೆ ಆ ಭಾರ ಹೊರಿಸಲಾರೆ, ಕೇಳಲಿಲ್ಲ. ನಿನಗೂ ಗೊತ್ತಿರಬೇಕು. ನಾಲ್ಕು ಅನ್ನಬಹುದಿತ್ತು ಎಂದು ನೀನು ಹೇಳಿದಾಗ, ನನ್ನಿಂದ ಸುಳ್ಳು ಬಯಸುತ್ತಿದ್ದೀ ಎಂದುಕೊಂಡೆ. ರಾತ್ರಿಯೆಲ್ಲ ಹೊರಳಾಡಿ ಬೆಳಗಾಗುವ ಹೊತ್ತಿಗೆ, ನೀನು ನಿಜವನ್ನೇ ಹೇಳಿದ್ದಿರಬಹುದೆಂದು ಹೊಳೆಯಿತು. ಮೂರನೆಯ ಫೌಲ್ ನಿನ್ನದೇ ಆಗಿತ್ತೇ ಎಂದು ಆ ರಾತ್ರಿ ಕಾರಿನಲ್ಲಿ ನಾನು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ.

ಆ ಪುಟದ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಗೀಟು ಎಳೆಯಬೇಕಾದರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಕೆಳಗೆ ನಿನ್ನ ರುಜು ಹಾಕಿ ಕಳಿಸು.

ನಿನ್ನ,
ಅಮ್ಮ