ಲೋಟ ತರಿಸುವ ಮೊದಲು ತೊಳೆಯುವವರನ್ನು ನೆನೆ

ಮಂಡ್ಯ
ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹೋದ ವಾರ ಫೋನಿನಲ್ಲಿ ನೀನು ಬೇಜಾರು ಮಾಡಿಕೊಂಡದ್ದು ಮನಸ್ಸಿನಿಂದ ಹೋಗಿಲ್ಲ. 'ಆಫೀಸಲ್ಲಿ ಕಸ ಕಡಿಮೆ ಮಾಡೋಣ ಅಂದ್ರೆ ನಗ್ತಾರೆ ಮಾವ, ಗೋಡೆಗೆ ಪೋಸ್ಟರ್ ಅಂಟಿಸಿದ್ರೂ ಯಾರೂ ಓದಲ್ಲ' ಅಂದೆಯಲ್ಲ. ಅಡ್ಮಿನ್ ಕೆಲಸ ನಿನ್ನ ಕೈಗೆ ಬಂದು ಇನ್ನೂ ಎರಡು ತಿಂಗಳು. ಇಷ್ಟು ಬೇಗ ಕೈಚೆಲ್ಲಬೇಡ.

ಪೋಸ್ಟರ್ ತೆಗೆದುಬಿಡು. ಜನ ಕೆಟ್ಟವರಲ್ಲ ಕಣಮ್ಮ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ, ಅಷ್ಟೇ. ಪೇಪರ್ ಕಪ್ಪು ಸಿಕ್ಕಿದರೆ ಅದು, ಸ್ಟೀಲ್ ಲೋಟ ಸಿಕ್ಕಿದರೆ ಅದು. ಕೈಗೆ ಏನು ಸಿಗಬೇಕು ಅಂತ ನೋಡಿಕೊಳ್ಳುವ ಕೆಲಸ ಈಗ ನಿನ್ನದು.

ಮೊದಲು ಕಪ್ಪಿನ ಲೆಕ್ಕ ಹಾಕು. ನೀವು ಅರವತ್ತು ಜನ, ದಿನಕ್ಕೆ ಎರಡು ಸಲ ಟೀ. 120 ಕಪ್ಪು. ತಿಂಗಳಿಗೆ 25 ದಿನ ಅಂದರೆ 3,000. ಹೆಸರಿಗೆ ಪೇಪರ್. ಒಂದನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿ ಹರಿದು ನೋಡು, ಒಳಗೆ ತೆಳ್ಳಗಿನ ಪ್ಲಾಸ್ಟಿಕ್ ಪೊರೆ ಇರುತ್ತದೆ. ಹಾಗಾಗಿ ಗೊಬ್ಬರದ ಗುಂಡಿಗೂ ಆಗುವುದಿಲ್ಲ, ಗುಜರಿಯವರಿಗೂ ಬೇಡ. ಈ ಲೆಕ್ಕವನ್ನು ಬಿಲ್ಲಿನ ಸಮೇತ ಮ್ಯಾನೇಜರ್ ಮುಂದಿಡು. ಪರಿಸರ ಅಂದರೆ ತಲೆಯಾಡಿಸಿ ಸುಮ್ಮನಾಗುವವರೂ ಬಿಲ್ಲು ನೋಡಿದರೆ ಕೂತು ಕೇಳುತ್ತಾರೆ.

ಆದರೆ ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ನಮ್ಮ ಆಫೀಸಿನಲ್ಲಿ ನಾನೇ ಮುಂದೆ ನಿಂತು ಐವತ್ತು ಸ್ಟೀಲ್ ಲೋಟ ತರಿಸಿದ್ದೆ. ತೊಳೆಯುವವರು ಯಾರು ಅಂತ ಯೋಚನೆಯೇ ಮಾಡಿರಲಿಲ್ಲ. ಅದು ಕಸ ಗುಡಿಸುತ್ತಿದ್ದ ಹೆಂಗಸಿನ ತಲೆಗೆ ಬಿತ್ತು. ಒಂದು ಮಧ್ಯಾಹ್ನ ನೋಡುತ್ತೇನೆ, ಹಿಂದಿನ ನಲ್ಲಿ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಟೀ ಒಣಗಿ ಕಲೆಗಟ್ಟಿದ ಲೋಟಗಳನ್ನು ಉಜ್ಜುತ್ತಿದ್ದರು. ಪಕ್ಕದಲ್ಲಿ ಊಟದ ಡಬ್ಬಿ, ಮುಚ್ಚಳ ತೆಗೆದಿರಲಿಲ್ಲ. ಗಂಟೆ ಮೂರಾಗಿತ್ತು. ನನಗೆ ಒಂದು ಮಾತೂ ಅನ್ನಲಿಲ್ಲ ಆಯಮ್ಮ. ಮೂರೇ ವಾರಕ್ಕೆ ಪೇಪರ್ ಕಪ್ಪು ವಾಪಸ್ ಬಂತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ನೀನು ಒಬ್ಬೊಬ್ಬರಿಗೂ ಒಂದೊಂದು ಲೋಟ ಕೊಡು. ಮದುವೆಗೆ ಕೊಡುವ ಪಾತ್ರೆಗೆ ಹೆಸರು ಹಾಕಿಸುತ್ತೇವಲ್ಲ, ಹಾಗೆ ಪಾತ್ರೆ ಅಂಗಡಿಯಲ್ಲಿ ಎಲ್ಲರ ಹೆಸರು ಹಾಕಿಸು. ಹೆಸರಿರುವ ಲೋಟವನ್ನು ಕಂಡ ಕಂಡ ಕಡೆ ಬಿಟ್ಟು ಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. ಟೀ ಇಡುವ ಜಾಗದ ಪಕ್ಕದಲ್ಲೇ ಸೋಪು, ನಾರು ಇರಲಿ. ಅವರವರ ಲೋಟ ಅವರವರೇ ತೊಳೆಯಲಿ, ಮ್ಯಾನೇಜರೂ ಸೇರಿ. ಮೊದಲ ದಿನ ಮ್ಯಾನೇಜರೇ ತೊಳೆದರೆ ಇನ್ನೂ ಒಳ್ಳೆಯದು.

ಮೇಜಿನ ಕೆಳಗಿನ ಬುಟ್ಟಿಗಳನ್ನೂ ತೆಗೆಸು. ಊಟದ ಜಾಗದಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಇಟ್ಟರೆ ಸಾಕು. ನಿಮ್ಮ ಮೈಸೂರಿಗೆ 2015ರಲ್ಲೂ 2016ರಲ್ಲೂ ದೇಶದ ಮೊದಲನೇ ಸ್ವಚ್ಛ ನಗರ ಅಂತ ಹೆಸರು ಬಂತಲ್ಲ, ಬೆಳಗಿನ ಜಾವ ಬೀದಿಗೆ ಇಳಿಯುವ ಪೌರಕಾರ್ಮಿಕರು ಇಲ್ಲದಿದ್ದರೆ ಬರುತ್ತಿತ್ತಾ? ಕುಂಬಾರಕೊಪ್ಪಲಿನಂಥ ಘಟಕಗಳಲ್ಲಿ ಕಸವನ್ನು ಬೇರೆ ಮಾಡುವವರೂ ಮನುಷ್ಯರೇ. ಸಾಂಬಾರ್ ಮೆತ್ತಿದ ಕಾಗದವನ್ನು ಅವರೂ ಏನೂ ಮಾಡಲು ಆಗುವುದಿಲ್ಲ. ಊರಿನ ಕಸ ತಂದು ಸುರಿದ ಸೂಯೇಜ್ ಫಾರಂನಲ್ಲಿ ಗುಡ್ಡೆ ಬಿದ್ದದ್ದು ಹೀಗೆ ಬೆರೆತ ಕಸವೇ. ಆ ವಾಸನೆ ಎಂಥದ್ದು ಅಂತ ಅದರ ಪಕ್ಕದ ವಿದ್ಯಾರಣ್ಯಪುರಂ ಕಡೆಯವರನ್ನು ಕೇಳು.

ಏಸಿಯನ್ನು 24ಕ್ಕಿಂತ ಕೆಳಗೆ ಇಳಿಸಲು ಬಿಡಬೇಡ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋದವರೇ ಹೇಳುತ್ತಾರೆ. ಮೈಸೂರಿನ ಡಿಸೆಂಬರಿಗೆ ಕಿಟಕಿ ತೆಗೆದರೆ ಸಾಕಲ್ವಾ?

ನೀರಿನ ವಿಷಯ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹೋದ ಸಲ ನಿಮ್ಮ ಆಫೀಸಿಗೆ ಬಂದಾಗ ಆರ್‌ಓ ಮೆಷಿನ್ ಹಿಂದಿನ ಸಣ್ಣ ಪೈಪಿನಿಂದ ನೀರು ಸುಮ್ನೆ ಚರಂಡಿಗೆ ಹೋಗುತ್ತಿತ್ತು. ನೀವು ಕುಡಿಯುವುದೂ ಕಾವೇರಿ, ನಮ್ಮ ಗದ್ದೆಗೆ ಬರುವುದೂ ಕಾವೇರಿ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ನೆನಪಿದೆಯಾ? ಆಗ ನಿಮ್ಮಜ್ಜಿ ದಿನಾ ನಾಲೆ ಏರಿ ಮೇಲೆ ನಿಂತು ಬಗ್ಗಿ ನೋಡುತ್ತಿದ್ದರು, ನೀರು ಬಂತಾ ಅಂತ. ಆ ಪೈಪಿನ ಕೆಳಗೆ ನಾಳೆಯೇ ಒಂದು ಡ್ರಮ್ ಇಡಿಸು. ನೆಲ ಒರೆಸಲು, ಟಾಯ್ಲೆಟ್ ತೊಳೆಯಲು ಆ ನೀರು ಧಾರಾಳವಾಗಿ ಆಗುತ್ತದೆ.

ಆಯುಧಪೂಜೆಗೆ ಥರ್ಮಾಕೋಲು, ಪ್ಲಾಸ್ಟಿಕ್ ತೋರಣ ಏನೂ ತರಿಸಬೇಡ. ಬಾಳೆಕಂದು, ಮಾವಿನ ಸೊಪ್ಪು ನಮ್ಮ ತೋಟದಿಂದಲೇ ಕಳಿಸುತ್ತೇನೆ. ಎಷ್ಟು ಬಾಗಿಲಿದೆ ಅಂತ ಎಣಿಸಿ ಎರಡು ದಿನ ಮುಂಚೆ ಫೋನ್ ಮಾಡು.

ಇಂತಿ,
ನಿನ್ನ ಮಾವ